‘ಇವರು ಡಾಕ್ಟರ್ ಅಲ್ಲ’: ಅರವತ್ತು ವರ್ಷಗಳ ಒಂದು ತಕರಾರು

2017ರ ಜುಲೈ 16ರ ಭಾನುವಾರ, ವಿಂಬಲ್ಡನ್ ಪುರುಷರ ಫೈನಲ್ ಪಂದ್ಯ ಮುಗಿದ ಮೇಲೆ, ಬಿಬಿಸಿ ಬಹಳ ಚಿಕ್ಕದೊಂದು ದೃಶ್ಯವನ್ನು ಪ್ರಸಾರ ಮಾಡಿತು. ಮರಗಳ ನಡುವೆ ಮುಸುಕು ಹಾಕಿದ ಆಕೃತಿಯೊಂದು ನಡೆದು ಬರುತ್ತದೆ, ಚಾಚಿದ ಅಂಗೈಯಲ್ಲಿ ಬೀಗದ ಕೈಯೊಂದು ಮೂಡುತ್ತದೆ, ಮುಸುಕು ಸರಿದಾಗ ಜೋಡಿ ವಿಟ್ಟೇಕರ್ ಎಂಬ ನಟಿಯ ಮುಖ ಕಾಣುತ್ತದೆ. ಅಷ್ಟೇ. ಅದುವರೆಗೆ ಗಂಡಸರೇ ಮಾಡುತ್ತ ಬಂದಿದ್ದ ‘ಡಾಕ್ಟರ್’ ಎಂಬ ನಾಯಕ ಪಾತ್ರ ಇನ್ನು ಮುಂದೆ ಈ ನಟಿಯದು ಎಂಬ ಪ್ರಕಟಣೆ ಅದು; ಆ ದೃಶ್ಯದಲ್ಲಿ ಒಂದು ಮಾತೂ ಇರಲಿಲ್ಲ. ಆದರೂ ಕತ್ತಲಾಗುವುದರೊಳಗೆ ‘ಡಾಕ್ಟರ್ ಹೂ’ ಧಾರಾವಾಹಿಯ ಅಭಿಮಾನಿಗಳು ಎರಡು ಪಾಳೆಯಗಳಾಗಿದ್ದರು. ಇದಕ್ಕಾಗಿಯೇ ಇಷ್ಟು ವರ್ಷ ಕಾದಿದ್ದೆವು ಎಂದವರು ಒಂದು ಕಡೆ; ನಾವು ಪ್ರೀತಿಸಿದ ಧಾರಾವಾಹಿ ಇಂದಿಗೆ ಮುಗಿಯಿತು ಎಂದವರು ಇನ್ನೊಂದು ಕಡೆ.

ಆ ಎರಡನೆಯ ಮಾತನ್ನು, ಎಂದರೆ ‘ಇವರು ಡಾಕ್ಟರ್ ಅಲ್ಲ’ ಎಂಬ ತಕರಾರನ್ನು, ನಾನು ಇಂದು ನಿಮ್ಮ ಮುಂದಿಟ್ಟು ಪರಿಶೀಲಿಸಬೇಕೆಂದಿದ್ದೇನೆ. ಅದನ್ನು ಮೂಢತನವೆಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಈ ತಕರಾರು ಇಲ್ಲದಿದ್ದರೆ ಈ ಧಾರಾವಾಹಿ ಇಷ್ಟು ಕಾಲ ಬದುಕುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ. ಅದು ಯಾವಾಗ ಪ್ರಾಮಾಣಿಕವಾಗಿರುತ್ತದೆ, ಯಾವಾಗ ಹಾಗಿರುವುದಿಲ್ಲ ಎಂಬುದನ್ನು ಬೇರ್ಪಡಿಸಿ ನೋಡಬೇಕು.

ಧಾರಾವಾಹಿಯನ್ನು ನೋಡದವರಿಗಾಗಿ ಕೆಲವು ಮಾತುಗಳು. ಇದರ ಮೊದಲ ಕಂತು ಪ್ರಸಾರವಾದದ್ದು 1963ರ ನವೆಂಬರ್ 23ರಂದು, ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯಾದ ಮರುದಿನ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಅವರಿಗೆ ಆಗ 27 ವರ್ಷ. ಮೊದಲ ಕಥೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಅವರು ನಮ್ಮ ಲಖನೌದಲ್ಲಿ ಹುಟ್ಟಿ, ಬಾಲ್ಯದಲ್ಲೇ ಇಂಗ್ಲೆಂಡಿಗೆ ಹೋದವರು. ಕಥಾನಾಯಕರು ಬೇರೊಂದು ಗ್ರಹದವರು. ಹೊರಗಿನಿಂದ ಬ್ರಿಟನ್ನಿನ ಬೀದಿಬದಿಯ ನೀಲಿ ಬಣ್ಣದ ಪೊಲೀಸ್ ಫೋನ್ ಪೆಟ್ಟಿಗೆಯಂತೆ ಕಾಣುವ, ಒಳಗೆ ಕಾಲಿಟ್ಟರೆ ಹೊರಗಿಗಿಂತ ವಿಶಾಲವಾಗಿರುವ ‘ಟಾರ್ಡಿಸ್’ ಎಂಬ ಯಂತ್ರದಲ್ಲಿ ಕಾಲದೇಶಗಳನ್ನು ಸುತ್ತುವವರು. ಅವರ ನಿಜನಾಮ ಯಾರಿಗೂ ತಿಳಿಯದು. ಎಲ್ಲರೂ ಡಾಕ್ಟರ್ ಎಂದಷ್ಟೇ ಕರೆಯುತ್ತಾರೆ. ಶೀರ್ಷಿಕೆಯ ‘ಹೂ’ ಎಂಬುದು ‘ಯಾರು’ ಎಂಬ ಪ್ರಶ್ನೆ.

ಇಲ್ಲಿ ಭಾಷೆಯ ಕುರಿತು ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಕನ್ನಡದಲ್ಲಿ ನಾವು ‘ಡಾಕ್ಟರ್ ಬಂದರು’ ಎನ್ನುತ್ತೇವೆ. ಬಂದವರು ಗಂಡೋ ಹೆಣ್ಣೋ ಎಂಬುದನ್ನು ಆ ವಾಕ್ಯ ಹೇಳುವುದಿಲ್ಲ, ಹೇಳಬೇಕೆಂದು ನಮ್ಮ ವ್ಯಾಕರಣ ಒತ್ತಾಯಿಸುವುದೂ ಇಲ್ಲ. ಇಂಗ್ಲಿಷಿಗೆ ಆ ಅನುಕೂಲವಿಲ್ಲ. ಆ ಭಾಷೆಯಲ್ಲಿ ಡಾಕ್ಟರ್ ಕುರಿತ ಹೆಚ್ಚುಕಡಿಮೆ ಪ್ರತಿ ವಾಕ್ಯವೂ ‘ಅವನು’ ಎಂದೇ 54 ವರ್ಷ ನಡೆದುಬಂದಿತ್ತು. ಹಾಗೆ ಕೇಳುತ್ತ ಬೆಳೆದ ಕಿವಿಗೆ ಒಂದು ದಿನ ಇದ್ದಕ್ಕಿದ್ದಂತೆ ‘ಅವಳು’ ಎಂಬ ಸರ್ವನಾಮ ಬಿದ್ದಾಗ ಆಗುವ ಕಸಿವಿಸಿಯನ್ನು, ಅದನ್ನು ಒಪ್ಪದೆಯೂ, ಅರ್ಥಮಾಡಿಕೊಳ್ಳಬೇಕಾಗುತ್ತದೆ.

ಈಗ ತಕರಾರಿನ ಹುಟ್ಟಿಗೆ ಬರುತ್ತೇನೆ. ಮೊದಲ ಡಾಕ್ಟರ್ ಆಗಿದ್ದ ವಿಲಿಯಂ ಹಾರ್ಟ್ನೆಲ್ ಅವರ ಆರೋಗ್ಯ 1966ರ ಹೊತ್ತಿಗೆ ಕೆಟ್ಟಿತ್ತು; ಸಂಭಾಷಣೆ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಧಾರಾವಾಹಿ ಮಾತ್ರ ಜನಪ್ರಿಯವಾಗಿಯೇ ಇತ್ತು. ಅದನ್ನು ನಿಲ್ಲಿಸದೆ ನಟರನ್ನು ಬದಲಿಸುವುದು ಹೇಗೆ? ಕಂಡುಕೊಂಡ ಉಪಾಯವೆಂದರೆ, ಡಾಕ್ಟರ್ ಈ ಲೋಕದವರಲ್ಲವಾದ್ದರಿಂದ ಅವರ ದೇಹ ಸವೆದುಹೋದಾಗ ಅದೇ ಜೀವ ಹೊಸ ದೇಹವನ್ನು ತಳೆಯಬಲ್ಲದು ಎಂಬುದು. 1966ರ ಅಕ್ಟೋಬರ್ 29ರಂದು ಹಾರ್ಟ್ನೆಲ್ ಅವರು ಟಾರ್ಡಿಸ್‌ನ ನೆಲದ ಮೇಲೆ ಕುಸಿದರು. ಅವರ ಮುಖ ಕರಗಿದ ಜಾಗದಲ್ಲಿ ಪ್ಯಾಟ್ರಿಕ್ ಟ್ರೌಟನ್ ಅವರ ಮುಖ ಮೂಡಿತು. ಇದಕ್ಕೆ ‘ರೀಜನರೇಷನ್’ ಎಂಬ ಹೆಸರು ಬಂದದ್ದು 1974ರಲ್ಲಿ. ನಾನು ಮರುಹುಟ್ಟು ಎಂದು ಕರೆಯುತ್ತೇನೆ.

ನಟರು ಬದಲಾಗುವುದು ನಮಗೆ ಹೊಸತಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಯಕ್ಷಗಾನದ ಒಂದೇ ರಾತ್ರಿಯ ಪ್ರಸಂಗದಲ್ಲಿ ಒಂದೇ ಪಾತ್ರವನ್ನು ಪೂರ್ವಾರ್ಧದಲ್ಲಿ ಒಬ್ಬ ಕಲಾವಿದರು, ಉತ್ತರಾರ್ಧದಲ್ಲಿ ಮತ್ತೊಬ್ಬರು ಮಾಡುವುದನ್ನು ನಾವು ಕಂಡಿದ್ದೇವೆ. ಯಾರ ಅರ್ಥಗಾರಿಕೆ ಮೇಲಾಯಿತೆಂದು ಬೆಳಗಿನ ತನಕ ವಾದಿಸುತ್ತೇವೆಯೇ ಹೊರತು, ಎರಡನೆಯವರು ಕೃಷ್ಣನೇ ಅಲ್ಲ ಎಂದು ಯಾರೂ ಹೇಳುವುದಿಲ್ಲ. ಏಕೆಂದರೆ ಕೃಷ್ಣ ವೇಷಧಾರಿಗಿಂತ ಹಿಂದಿನವನು. ಅವನು ಯಾರೆಂಬುದು ಪುರಾಣದಿಂದ ನಮಗೆ ಮೊದಲೇ ಗೊತ್ತು. ನಮ್ಮ ಟಿವಿ ಧಾರಾವಾಹಿಗಳಲ್ಲಿಯೂ ಕಲಾವಿದರು ಬದಲಾದಾಗ ‘ಇನ್ನು ಮುಂದೆ ಈ ಪಾತ್ರದಲ್ಲಿ’ ಎಂದು ತೆರೆಯ ಮೇಲೆ ಬರೆದು ತೋರಿಸಿ ಕಥೆ ಮುಂದುವರಿಯುತ್ತದೆ. ಮನೆಯವರಾರೂ ಮಗನ ಮುಖ ಬದಲಾದದ್ದನ್ನು ಗಮನಿಸುವುದಿಲ್ಲ. ಡಾಕ್ಟರ್ ವಿಷಯದಲ್ಲಿ ಈ ಎರಡೂ ದಾರಿಗಳಿರಲಿಲ್ಲ. ಅವರಿಗೆ ಪುರಾಣವಿರಲಿಲ್ಲ, ಹಾರ್ಟ್ನೆಲ್ ಮೂರು ವರ್ಷ ಮಾಡಿ ತೋರಿಸಿದ್ದಷ್ಟೇ ಡಾಕ್ಟರ್ ಆಗಿತ್ತು. ಮುಖ ಬದಲಾದದ್ದು ಕಥೆಯೊಳಗೇ, ಎಲ್ಲರ ಕಣ್ಣೆದುರಿಗೇ ನಡೆದಿತ್ತು. ಆದ್ದರಿಂದ ‘ಇವರು ಅವರೇ ಹೌದೇ’ ಎಂಬ ಪ್ರಶ್ನೆ ಮೊದಲು ಎದ್ದದ್ದು ಕಥೆಯೊಳಗಿನ ಜನರಲ್ಲಿ.

ಟ್ರೌಟನ್ ಅವರ ಮೊದಲ ಕಥೆಯನ್ನು ನಾನು ಬಹಳ ಮೆಚ್ಚುತ್ತೇನೆ, ಏಕೆಂದರೆ ಅದು ಈ ಪ್ರಶ್ನೆಗೆ ಆತುರದ ಉತ್ತರ ಕೊಡುವುದಿಲ್ಲ. ಜೊತೆಯಲ್ಲಿ ಪಯಣಿಸುತ್ತಿದ್ದ ಇಬ್ಬರಲ್ಲಿ ಪಾಲಿ ನಂಬುತ್ತಾಳೆ, ಬೆನ್ ನಂಬುವುದಿಲ್ಲ. ಹಳೆಯ ಡಾಕ್ಟರ್ ತೊಡುತ್ತಿದ್ದ ಉಂಗುರವನ್ನು ಹೊಸಬರು ಬೆರಳಿಗೆ ಹಾಕಿಕೊಂಡರೆ ಅದು ಸಡಿಲವಾಗಿ ಜಾರುತ್ತದೆ. ಅವರು ತಮ್ಮನ್ನು ‘ನಾನು’ ಎನ್ನದೆ, ಡಾಕ್ಟರ್ ದಿನಚರಿ ಬರೆಯುತ್ತಿದ್ದರಲ್ಲವೇ ಎಂದು ಬೇರೆಯವರ ಕುರಿತು ಕೇಳುವಂತೆ ಕೇಳುತ್ತಾರೆ. ಕನ್ನಡಿ ಹಿಡಿದರೆ ಕ್ಷಣಕಾಲ ಹಳೆಯ ಮುಖ ಕಾಣುತ್ತದೆ. ಕೊನೆಗೆ ಅವರ ಗುರುತು ಹಿಡಿಯುವುದು ಯಾರು? ಡಾಲೆಕ್‌ಗಳು, ಎಂದರೆ ಡಾಕ್ಟರ್ ಅವರ ಬದ್ಧವೈರಿಗಳು. ಸ್ನೇಹಿತ ಇನ್ನೂ ಅನುಮಾನಿಸುತ್ತಿರುವಾಗ ಶತ್ರು ನೋಡಿದೊಡನೆ ಗುರುತಿಸುತ್ತಾನೆ. ಮನೆಯಲ್ಲಿ ಕುಳಿತ ಪ್ರೇಕ್ಷಕರ ಅನುಮಾನಕ್ಕೆ ಕಥೆಯಲ್ಲಿ ಒಂದು ಪಾತ್ರವನ್ನೇ ಕೊಟ್ಟು, ಆ ಪಾತ್ರಕ್ಕೆ ಗೌರವವನ್ನೂ ಕೊಟ್ಟ ಈ ಕ್ರಮವೇ ಮುಂದಿನ ಎಲ್ಲ ಬದಲಾವಣೆಗಳಿಗೆ ಮಾದರಿಯಾಯಿತು.

ಹಾಗೆಂದು ಪ್ರೇಕ್ಷಕರು ಕೂಡಲೇ ಒಪ್ಪಲಿಲ್ಲ. ಬಿಬಿಸಿ ಆಗ ನಡೆಸುತ್ತಿದ್ದ ಪ್ರೇಕ್ಷಕ ಸಮೀಕ್ಷೆಯಲ್ಲಿ, ಒಬ್ಬ ಪ್ರತಿಭಾವಂತ ವಿಜ್ಞಾನಿಯನ್ನು ವಿದೂಷಕನನ್ನಾಗಿ ಮಾಡಿಬಿಟ್ಟಿದ್ದಾರೆ ಎಂಬ ದೂರು ದಾಖಲಾಗಿದೆ. ಇದೇ ಟ್ರೌಟನ್ ಅವರನ್ನು ಮುಂದೆ ಡಾಕ್ಟರ್ ಪಾತ್ರ ವಹಿಸಿದ ಹಲವರು ತಮ್ಮ ಆದರ್ಶವೆಂದು ಹೇಳಿಕೊಂಡರು. 1969ರಲ್ಲಿ ಅವರು ಬಿಡುವ ಹೊತ್ತಿಗೆ ಕಥೆಯಲ್ಲಿ ಒಂದು ಸೊಗಸಾದ ಪ್ರಸಂಗ ಬರುತ್ತದೆ: ಶಿಕ್ಷೆಯಾಗಿ ಮುಖ ಬದಲಿಸಬೇಕೆಂದು ತೀರ್ಪು ಕೊಟ್ಟ ನ್ಯಾಯಾಧೀಶರು ಒಂದೊಂದೇ ಮುಖದ ಚಿತ್ರವನ್ನು ತೋರಿಸುತ್ತಾರೆ, ಡಾಕ್ಟರ್ ಅದು ತೀರ ಮುದಿ, ಇದು ತೀರ ದಪ್ಪ, ಅದು ತೀರ ಎಳಸು ಎಂದು ಒಂದನ್ನೂ ಒಪ್ಪುವುದಿಲ್ಲ. ಮುಂದಿನ ಡಾಕ್ಟರ್ ಯಾರಾಗಬೇಕೆಂದು ವಾದಿಸುವ ಅಭಿಮಾನಿಯ ಸ್ಥಾನದಲ್ಲಿ ಅಲ್ಲಿ ಸ್ವತಃ ಡಾಕ್ಟರ್ ನಿಂತಿದ್ದಾರೆ.

ಟ್ರೌಟನ್ ಅವರ ನಂತರ ಡಾಕ್ಟರ್ ಆದ ಜಾನ್ ಪರ್ಟ್ವೀ ಅವರ ಕಾಲವನ್ನು ಬಿಟ್ಟು ಮುಂದೆ ಹೋಗುತ್ತೇನೆ. 1974ರಲ್ಲಿ ಆಯ್ಕೆಯಾದ ಟಾಮ್ ಬೇಕರ್ ಅವರ ಹೆಸರನ್ನು ಹೆಚ್ಚಿನವರು ಕೇಳಿರಲಿಲ್ಲ; ನಟನೆಯ ಕೆಲಸ ಸಿಗದೆ ಅವರು ಆಗ ಕಟ್ಟಡ ಕಾಮಗಾರಿಯಲ್ಲಿ ದುಡಿಯುತ್ತಿದ್ದರು. ಅವರು ಏಳು ವರ್ಷ ಉಳಿದರು, ಅಷ್ಟು ದೀರ್ಘಕಾಲ ಆ ಪಾತ್ರದಲ್ಲಿ ನಿರಂತರವಾಗಿ ದೂರದರ್ಶನದ ತೆರೆಯ ಮೇಲಿದ್ದವರು ಬೇರೆ ಯಾರೂ ಇಲ್ಲ. ಪರಿಣಾಮವಾಗಿ, ಅವರ ನಂತರ ಬಂದ 29 ವರ್ಷದ ಪೀಟರ್ ಡೇವಿಸನ್ ಅವರನ್ನು ನೋಡಿ, ಇಷ್ಟು ಚಿಕ್ಕ ವಯಸ್ಸಿನವರು ಡಾಕ್ಟರ್ ಆಗುವುದುಂಟೇ ಎಂದು ಜನ ಕೇಳಿದರು. ಟಾಮ್ ಬೇಕರ್ ಅವರನ್ನು ಅಪರಿಚಿತರೆಂದು ಕಂಡಿದ್ದವರಲ್ಲಿ ಅನೇಕರಿಗೆ ಏಳು ವರ್ಷಗಳ ಬಳಿಕ ಅವರ ಹೊರತು ಬೇರೆ ಡಾಕ್ಟರ್ ಇರಲಿಲ್ಲ.

1984ನೇ ಇಸವಿಯ ಬಳಿ ಮಾತ್ರ ನಾನು ಹೆಚ್ಚು ಹೊತ್ತು ನಿಲ್ಲಬೇಕಾಗಿದೆ, ಏಕೆಂದರೆ ಒಬ್ಬ ನಟರಿಗೆ ಆದ ಅನ್ಯಾಯ ಅಲ್ಲಿದೆ. ಆ ವರ್ಷದ ಮಾರ್ಚಿಯಲ್ಲಿ ಡೇವಿಸನ್ ಅವರ ಕೊನೆಯ ಕಥೆ ಮುಗಿದ ಮುಂದಿನ ವಾರವೇ ಕಾಲಿನ್ ಬೇಕರ್ ಅವರ ಮೊದಲ ಕಥೆ ಆರಂಭವಾಯಿತು. 2009ರಲ್ಲಿ ‘ಡಾಕ್ಟರ್ ಹೂ ಮ್ಯಾಗಜಿನ್’ ಪತ್ರಿಕೆಯು ಅದುವರೆಗಿನ 200 ಕಥೆಗಳಿಗೆ ಓದುಗರಿಂದ ಶ್ರೇಯಾಂಕ ಕೇಳಿದಾಗ, ಡೇವಿಸನ್ ಅವರ ಆ ಕೊನೆಯ ಕಥೆ ಮೊದಲನೆಯ ಸ್ಥಾನದಲ್ಲೂ, ಕಾಲಿನ್ ಬೇಕರ್ ಅವರ ಆ ಮೊದಲ ಕಥೆ ಇನ್ನೂರನೆಯ ಸ್ಥಾನದಲ್ಲೂ ಬಂದವು. ಒಂದರ ಬೆನ್ನಿಗೆ ಒಂದು ಪ್ರಸಾರವಾದ ಎರಡು ಕಥೆಗಳು! ಹೊಸ ಡಾಕ್ಟರ್ ಅವರ ಮೊದಲ ಕಥೆಯಲ್ಲೇ, ಮರುಹುಟ್ಟಿನ ಭ್ರಮೆಯಲ್ಲಿ, ಅವರು ಜೊತೆಗಿರುವ ಪೆರಿ ಎಂಬ ಹುಡುಗಿಯ ಕತ್ತು ಹಿಸುಕುವಂತೆ ಬರೆಯಲಾಗಿತ್ತು. ಕಪ್ಪು ಉಡುಪು ಬೇಕೆಂದು ನಟರು ಬಯಸಿದ್ದರೆ, ನಿರ್ಮಾಪಕರು ಕಣ್ಣು ಕುಕ್ಕುವ ಬಣ್ಣಬಣ್ಣದ ತೇಪೆಗಳ ಕೋಟನ್ನು ತೊಡಿಸಿದರು. ಮರುವರ್ಷ ಧಾರಾವಾಹಿಗೆ 18 ತಿಂಗಳ ಬಿಡುವು ಬಿತ್ತು. 1986ರ ಕೊನೆಯಲ್ಲಿ ಕಾಲಿನ್ ಬೇಕರ್ ಅವರನ್ನು ಕೈಬಿಡಲಾಯಿತು. ಮರುಹುಟ್ಟಿನ ದೃಶ್ಯಕ್ಕಾಗಿ ಮಾತ್ರ ಮತ್ತೆ ಬಂದು ಹೋಗಲು ಅವರು ಒಪ್ಪಲಿಲ್ಲ. ಹಾಗಾಗಿ ಅವರ ನಂತರದ ನಟ ಸಿಲ್ವೆಸ್ಟರ್ ಮೆಕಾಯ್ ಅವರೇ ಹೊಂಬಣ್ಣದ ಗುಂಗುರು ಕೂದಲಿನ ವಿಗ್ ಧರಿಸಿ ನೆಲದ ಮೇಲೆ ಮಲಗಬೇಕಾಯಿತು.

ಆಗ ಅನೇಕರು ‘ಈ ನಟರು ಡಾಕ್ಟರ್ ಅಲ್ಲ’ ಎಂದು ತೀರ್ಮಾನಿಸಿಬಿಟ್ಟಿದ್ದರು. ಆದರೆ 1999ರಲ್ಲಿ ಬಿಗ್ ಫಿನಿಷ್ ಎಂಬ ಸಂಸ್ಥೆ ಹಳೆಯ ಡಾಕ್ಟರ್‌ಗಳ ಧ್ವನಿನಾಟಕಗಳನ್ನು ಹೊರತರತೊಡಗಿದಾಗ ಅದೇ ಕಾಲಿನ್ ಬೇಕರ್ ಅವರು ಅದೇ ಡಾಕ್ಟರ್ ಆಗಿ ಮರಳಿದರು. ಕೋಟು ಕಾಣುವುದಿಲ್ಲ; ಬರವಣಿಗೆ ಬೇರೆಯವರದು; ಉಳಿದದ್ದು ಧ್ವನಿ ಮಾತ್ರ. ಆ ಧ್ವನಿಯಲ್ಲಿದ್ದ ಸಿಡುಕಿನ ಹಿಂದಿನ ಅಂತಃಕರಣವನ್ನು ಆಗ ಕೇಳಿದವರು ಇವರು ಎಂಥ ಒಳ್ಳೆಯ ಡಾಕ್ಟರ್ ಎಂದು ಬೆರಗಾದರು. ನಾನೂ ಅವರಲ್ಲೊಬ್ಬ. ಹೊಸ ನಟರ ಮೇಲೆ ನಾವು ಹೊರಿಸುವ ದೂರುಗಳಲ್ಲಿ ಬಹುಪಾಲು ಬರಹಗಾರರ ಮೇಲೂ ನಿರ್ಮಾಪಕರ ಮೇಲೂ ಹೊರಿಸಬೇಕಾದವು ಎಂಬುದು ನನಗೆ ಮನದಟ್ಟಾದದ್ದು ಅಲ್ಲಿಂದ.

ಅದೇ 1986ರ ಇನ್ನೊಂದು ಘಟನೆಯನ್ನು ಹೇಳಲೇಬೇಕು. ಬಿಬಿಸಿಯ ಒಂದು ಚರ್ಚಾ ಕಾರ್ಯಕ್ರಮದಲ್ಲಿ ಹದಿಹರೆಯದ ಅಭಿಮಾನಿಯೊಬ್ಬ ಆ ವರ್ಷದ ಕಥೆಯ ಬರಹಗಾರರಿಗೆ ಮುಖಾಮುಖಿಯಾಗಿ, ನಿಮ್ಮ ಬರವಣಿಗೆ ಸಾಲದು ಎಂದು ನೇರವಾಗಿ ಹೇಳಿದ. ಆ ಹುಡುಗನ ಹೆಸರು ಕ್ರಿಸ್ ಚಿಬ್ನಾಲ್. ಮೂವತ್ತು ವರ್ಷಗಳ ಬಳಿಕ ಇಡೀ ಧಾರಾವಾಹಿಯ ಹೊಣೆ ಹೊತ್ತು, ಜೋಡಿ ವಿಟ್ಟೇಕರ್ ಅವರನ್ನು ಆರಿಸಿದವರು ಅವರೇ. ಪೀಟರ್ ಕಪಾಲ್ಡಿ ಅವರು ಹದಿನೈದರ ಹುಡುಗನಾಗಿದ್ದಾಗ ಈ ಧಾರಾವಾಹಿಯ ಕುರಿತು ಬರೆದ ಪತ್ರ 1974ರಲ್ಲಿ ‘ರೇಡಿಯೊ ಟೈಮ್ಸ್’ ಪತ್ರಿಕೆಯಲ್ಲಿ ಅಚ್ಚಾಗಿತ್ತು. ತಮ್ಮ 55ನೆಯ ವಯಸ್ಸಿನಲ್ಲಿ ಅವರು ಡಾಕ್ಟರ್ ಆದರು. ಅವರಿಗಿಂತ ಮೊದಲೇ ಡಾಕ್ಟರ್ ಆಗಿದ್ದ ಡೇವಿಡ್ ಟೆನಂಟ್ ಅವರು ನಟರಾಗಬೇಕೆಂದು ನಿರ್ಧರಿಸಿದ್ದೇ ಬಾಲ್ಯದಲ್ಲಿ ಈ ಧಾರಾವಾಹಿ ನೋಡಿ. 1989ರಲ್ಲಿ ನಿಂತುಹೋಗಿದ್ದ ಧಾರಾವಾಹಿಯನ್ನು 2005ರಲ್ಲಿ ಮತ್ತೆ ಎಬ್ಬಿಸಿದ ರಸೆಲ್ ಟಿ. ಡೇವಿಸ್, ಅವರ ನಂತರ ಬಂದ ಸ್ಟೀವನ್ ಮೊಫಾಟ್, ಇಬ್ಬರೂ ಅಭಿಮಾನಿಗಳಾಗಿಯೇ ಬೆಳೆದವರು. ಯಾರು ಡಾಕ್ಟರ್, ಯಾರು ಅಲ್ಲ ಎಂದು ವಾದಿಸುತ್ತ ಬೆಳೆದ ಮಕ್ಕಳೇ ಮುಂದೆ ಡಾಕ್ಟರ್ ಯಾರೆಂಬುದನ್ನು ನಿರ್ಧರಿಸುವವರಾದರು. ಆದ್ದರಿಂದ ಅಭಿಮಾನಿಗಳ ವಾದವನ್ನು ಧಾರಾವಾಹಿಯ ಹೊರಗಿನ ಗದ್ದಲವೆಂದು ನೋಡಲು ನನಗೆ ಸಾಧ್ಯವಾಗುವುದಿಲ್ಲ.

ನನ್ನದೇ ಅನುಭವವೂ ಒಂದಿದೆ. 2009ರ ಜನವರಿಯಲ್ಲಿ 26 ವರ್ಷದ ಮ್ಯಾಟ್ ಸ್ಮಿತ್ ಅವರ ಹೆಸರು ಪ್ರಕಟವಾದಾಗ ನಾನು ವಿರೋಧಿಸಿದವರ ಪೈಕಿ ಇದ್ದೆ. ಅವರ ನಟನೆಯ ಒಂದು ದೃಶ್ಯವನ್ನೂ ನೋಡಿರಲಿಲ್ಲ. ಟೆನಂಟ್ ಅವರು ಹೋಗುತ್ತಿದ್ದಾರೆ ಎಂಬ ನೋವಿತ್ತು, ಅದನ್ನು ಹೊಸಬರ ವಯಸ್ಸಿನ ಮೇಲೆ ಹಾಕಿದೆ. 2010ರ ಏಪ್ರಿಲ್‌ನಲ್ಲಿ ಬಂದ ಅವರ ಮೊದಲ ಕಥೆಯ ಕೊನೆಯಲ್ಲಿ, ಆಸ್ಪತ್ರೆಯೊಂದರ ಮಹಡಿಯ ಮೇಲೆ, ಈ ಭೂಮಿಯನ್ನು ಕಾಯುವವರು ಯಾರೆಂದು ಹುಡುಕುವ ಅನ್ಯಗ್ರಹದ ಕಣ್ಣೊಂದು ಹಿಂದಿನ ಹತ್ತು ಡಾಕ್ಟರ್‌ಗಳ ಮುಖಗಳನ್ನು ಒಂದಾದ ಮೇಲೊಂದರಂತೆ ಗಾಳಿಯಲ್ಲಿ ಮೂಡಿಸುತ್ತದೆ. ಕೊನೆಗೆ ಟೆನಂಟ್ ಅವರ ಮುಖ ಬಂದಾಗ, ಸ್ಮಿತ್ ಅವರು ಆ ಬಿಂಬದ ನಡುವಿನಿಂದಲೇ ಹಾದು ಮುಂದೆ ಬಂದು, ತಾವೇ ಡಾಕ್ಟರ್ ಎನ್ನುತ್ತಾರೆ. ಹಳೆಯವರನ್ನು ಅಳಿಸದೆ, ಅವರನ್ನು ದಾಟಿ ಬಂದ ಆ ಹೆಜ್ಜೆಗೆ ನನ್ನ ವಿರೋಧ ಕರಗಿತು. ನಾಲ್ಕು ವರ್ಷಗಳ ಬಳಿಕ ಕಪಾಲ್ಡಿ ಅವರು ಬಂದಾಗ ಅನುಮಾನಿಸುವ ಸರದಿ ಕ್ಲಾರಾ ಎಂಬ ಪಾತ್ರದ್ದಾಯಿತು. ಸ್ಮಿತ್ ಅವರ ಡಾಕ್ಟರ್ ಕಾಲದ ಆಚೆಯಿಂದ ಅವಳಿಗೆ ಫೋನ್ ಮಾಡಿ, ನಿನಗಿಂತ ಹೆಚ್ಚು ಹೆದರಿರುವವರು ಅವರು, ಕೈಬಿಡಬೇಡ ಎಂದು ಕೇಳಿಕೊಳ್ಳುತ್ತಾರೆ. ನನಗೆ ಇಂದಿಗೂ ಆ ದೃಶ್ಯವನ್ನು ಒದ್ದೆಗಣ್ಣಿಲ್ಲದೆ ನೋಡಲಾಗದು.

ಈಗ 2017ಕ್ಕೆ ಮರಳೋಣ. ಹೆಣ್ಣೊಬ್ಬರು ಡಾಕ್ಟರ್ ಆಗುವ ಯೋಚನೆ ಅಂದು ಹುಟ್ಟಿದ್ದಲ್ಲ. ಟಾಮ್ ಬೇಕರ್ ಅವರು 1980ರಲ್ಲಿ ತಮ್ಮ ನಿರ್ಗಮನವನ್ನು ತಿಳಿಸುವಾಗಲೇ, ಮುಂದೆ ಬರುವವರು ಗಂಡಾಗಲಿ ಹೆಣ್ಣಾಗಲಿ ಅವರಿಗೆ ಶುಭವಾಗಲಿ ಎಂದಿದ್ದರು. ಧಾರಾವಾಹಿಯನ್ನು ಕಲ್ಪಿಸಿದವರಲ್ಲಿ ಮುಖ್ಯರಾದ ಸಿಡ್ನಿ ನ್ಯೂಮನ್ ಅವರು 1986ರಲ್ಲಿ ಬಿಬಿಸಿಗೆ ಪತ್ರ ಬರೆದು, ಡಾಕ್ಟರ್ ಅವರನ್ನು ಹೆಣ್ಣಾಗಿಸಬೇಕೆಂದು ಸೂಚಿಸಿದ್ದರು. ಕಥೆಯೊಳಗೂ ನೆಲ ಹದವಾಗಿತ್ತು: ಡಾಕ್ಟರ್ ಅವರ ಹಳೆಯ ವೈರಿ ‘ಮಾಸ್ಟರ್’ 2014ರಲ್ಲಿಯೇ ಮಿಸ್ಸಿ ಎಂಬ ಹೆಣ್ಣಾಗಿ ಬಂದಾಗಿತ್ತು.

ಆಗ ಕೇಳಿಬಂದ ವಿರೋಧಗಳೆಲ್ಲ ಒಂದೇ ಜಾತಿಯವಲ್ಲ. ಪೀಟರ್ ಡೇವಿಸನ್ ಅವರು, ಜಗಳವಾಡದೆ ಗೆಲ್ಲುವ ಒಬ್ಬ ಆದರ್ಶ ಪುರುಷ ಗಂಡುಮಕ್ಕಳಿಗೆ ಇಲ್ಲವಾಗುತ್ತಾರಲ್ಲ ಎಂಬ ಅರ್ಥದ ಅಳಲನ್ನು ತೋಡಿಕೊಂಡರು. ಹೊಸ ನಟಿಗೆ ಒಳಿತನ್ನೂ ಹಾರೈಸಿದರು. ಆದರ್ಶವಾಗಲು ಗಂಡೇ ಆಗಿರಬೇಕೆಂದೇನಿದೆ ಎಂದು ಕಾಲಿನ್ ಬೇಕರ್ ಅವರು ಪ್ರತಿವಾದ ಹೂಡಿದರು. ನಾನು ಕಾಲಿನ್ ಬೇಕರ್ ಅವರ ಪಕ್ಷ. ಆದರೂ ಡೇವಿಸನ್ ಅವರ ಮಾತು ಒಂದು ಬೆಲೆಯುಳ್ಳ ವಸ್ತುವನ್ನು ಹೆಸರಿಸಿ, ಅದು ಕಳೆದುಹೋದೀತೆಂದು ಮರುಗಿತು. ಅಂಥ ಮಾತಿಗೆ ಉತ್ತರ ಹೇಳಬಹುದು, ಹೇಳಬೇಕು. ಹೆಣ್ಣು ಎಂಬ ಒಂದೇ ಕಾರಣಕ್ಕೆ ಬಾಗಿಲು ಮುಚ್ಚಿಕೊಂಡವರ ಮಾತಿನಲ್ಲಿ ಅಂಥ ಯಾವ ವಸ್ತುವೂ ಇರಲಿಲ್ಲ. ಅವರು ಬೆನ್‌ನಂತೆ ಅನುಮಾನಿಸುತ್ತಿರಲಿಲ್ಲ. ಬೆನ್ ಜೊತೆಯಲ್ಲೇ ನಡೆದು, ಕಣ್ಣಾರೆ ನೋಡಿ, ಕೊನೆಗೆ ಒಪ್ಪಿದವನು.

2018ರ ಅಕ್ಟೋಬರ್ 7ರಂದು ವಿಟ್ಟೇಕರ್ ಅವರ ಮೊದಲ ಕಂತನ್ನು ಬ್ರಿಟನ್ನಿನಲ್ಲಿ ಸುಮಾರು 1.1 ಕೋಟಿ ಜನ ನೋಡಿದರು. ಶೆಫೀಲ್ಡ್ ನಗರದ ಒಂದು ಕಾರ್ಯಾಗಾರದಲ್ಲಿ ಅವರು ಆ ಊರಿನ ಉಕ್ಕಿನ ಚಮಚಗಳನ್ನು ಕರಗಿಸಿ ತಮ್ಮ ಉಪಕರಣವನ್ನು ತಾವೇ ತಯಾರಿಸಿಕೊಳ್ಳುವ ದೃಶ್ಯದಲ್ಲಿ ಡಾಕ್ಟರ್ ಯಾರೆಂಬುದು ಸ್ಪಷ್ಟವಾಗಿ ಕಂಡಿತು. ಅದೇ ವರ್ಷ ನವೆಂಬರ್‌ನಲ್ಲಿ, ವಿನಯ್ ಪಟೇಲ್ ಅವರು ಬರೆದ ಕಂತಿನಲ್ಲಿ, ಡಾಕ್ಟರ್ ತಮ್ಮ ಸಹಚರಿ ಯಾಸ್ಮಿನ್ ಖಾನ್ ಜೊತೆ 1947ರ ಆಗಸ್ಟ್‌ನ ಪಂಜಾಬಿಗೆ ಬರುತ್ತಾರೆ. ನಮ್ಮ ದೇಶ ವಿಭಜನೆಯ ದುಃಖವನ್ನು ಕುರಿತ ಆ ಕಂತಿನಲ್ಲಿ ಅವರು ನಡೆದುಹೋಗುವ ಕೊಲೆಯನ್ನು ತಡೆಯಲಾಗದೆ, ಬೆನ್ನು ತಿರುಗಿಸಿ ನಡೆಯುತ್ತಾರೆ. ಅಲ್ಲಿ ವಿಟ್ಟೇಕರ್ ಅವರ ಮುಖ ನೋಡಿದವರು ಅವರ ಅರ್ಹತೆಯ ಪ್ರಶ್ನೆಯನ್ನು ಮತ್ತೆ ಎತ್ತಲಾರರು ಎಂದು ನಾನು ಭಾವಿಸುತ್ತೇನೆ.

ಆದರೆ ಆ ಅವಧಿಯಲ್ಲಿ ದೋಷಗಳಿದ್ದವು, ಅವನ್ನೂ ಹೇಳಬೇಕು. ಸಹಚರರು ಮೂವರಾದ್ದರಿಂದ ಯಾರಿಗೂ ಸಾಕಷ್ಟು ಜಾಗ ಸಿಗಲಿಲ್ಲ. ಡಾಕ್ಟರ್ ಮಾಡಿ ತೋರಿಸಬೇಕಾದದ್ದನ್ನು ಎಷ್ಟೋ ಸಲ ಮಾತಿನಲ್ಲಿ ವಿವರಿಸಿ ಮುಗಿಸಿದರು. ಇವು ಬರವಣಿಗೆಯ ದೋಷಗಳು. ದ್ವೇಷದ ಗದ್ದಲ ಎಷ್ಟು ಜೋರಾಗಿತ್ತೆಂದರೆ, ಬರವಣಿಗೆಯ ಕೊರತೆಯನ್ನು ಎತ್ತಿದವರೆಲ್ಲ ಮೊದಲು ತಾವು ಹೆಣ್ಣನ್ನು ವಿರೋಧಿಸುವವರಲ್ಲ ಎಂದು ಪ್ರಮಾಣ ಮಾಡಬೇಕಾಯಿತು; ಹಲವರು ಅದರ ಸಹವಾಸವೇ ಬೇಡವೆಂದು ಸುಮ್ಮನಾದರು. ಬಾಗಿಲು ಮುಚ್ಚಿಕೊಂಡವರಿಂದ ವಿಟ್ಟೇಕರ್ ಅವರಿಗೆ ಎರಡು ಬಗೆಯ ನಷ್ಟವಾಯಿತು: ಸಲ್ಲದ ಬೈಗಳನ್ನು ಅವರು ಕೇಳಬೇಕಾಯಿತು, ಅವರಿಗೆ ಒಳ್ಳೆಯ ಕಥೆಗಳನ್ನು ಗಳಿಸಿಕೊಡಬಹುದಾಗಿದ್ದ ಟೀಕೆ ಬಾಯಿ ಮುಚ್ಚಿಕೊಂಡಿತು.

2022ರ ಮೇ ತಿಂಗಳಲ್ಲಿ, ರುವಾಂಡದಲ್ಲಿ ಹುಟ್ಟಿ ಸ್ಕಾಟ್ಲೆಂಡಿನಲ್ಲಿ ಬೆಳೆದ ಚೂಟಿ ಗಾಟ್ವ ಅವರ ಹೆಸರು ಪ್ರಕಟವಾದಾಗ, ಕಪ್ಪು ವರ್ಣದವರು ಡಾಕ್ಟರ್ ಆಗುವುದೇ ಎಂಬ ಪ್ರಶ್ನೆ ಅದೇ ದಾರಿಯಲ್ಲಿ ಬಂತು. ಜೋ ಮಾರ್ಟಿನ್ ಅವರು 2020ರಲ್ಲಿಯೇ ಡಾಕ್ಟರ್ ಅವರ ಅಜ್ಞಾತ ರೂಪವೊಂದಾಗಿ ಬಂದು ಹೋಗಿದ್ದರೂ ಕೇಳುವವರು ಕೇಳಿದರು. ಗಾಟ್ವ ಅವರ ಕೊನೆಯ ಕಂತು 2025ರ ಮೇ 31ರಂದು ಬಂತು. ಅದರ ಅಂತ್ಯದಲ್ಲಿ ಮರುಹುಟ್ಟಿನ ಬೆಳಕಿನೊಳಗಿಂದ ಕಂಡದ್ದು, 2005ರಲ್ಲಿ ಡಾಕ್ಟರ್ ಅವರ ಸಹಚರಿಯಾಗಿದ್ದ ಬಿಲ್ಲಿ ಪೈಪರ್ ಅವರ ಮುಖ. ಹೆಸರುಗಳ ಪಟ್ಟಿಯಲ್ಲಿ ಅವರ ಹೆಸರಿತ್ತು. ಹಿಂದಿನವರಿಗೆ ಬರೆದಂತೆ ‘ಡಾಕ್ಟರ್ ಪಾತ್ರದಲ್ಲಿ’ ಎಂದು ಅದರ ಮುಂದೆ ಬರೆದಿರಲಿಲ್ಲ. ಅರವತ್ತು ವರ್ಷ ಪ್ರೇಕ್ಷಕರು ಕೇಳುತ್ತ ಬಂದ ಪ್ರಶ್ನೆಯನ್ನು ಈ ಸಲ ಧಾರಾವಾಹಿಯೇ ಪ್ರೇಕ್ಷಕರಿಗೆ ಹಿಂತಿರುಗಿಸಿ ಕೇಳಿದಂತಿತ್ತು.

ಕೊನೆಯದಾಗಿ, 1966ರ ಆ ಕಥೆಯ ಬಗ್ಗೆ ಇನ್ನೊಂದು ಸಂಗತಿ. ಆ ಕಾಲದಲ್ಲಿ ಟೇಪುಗಳನ್ನು ಅಳಿಸಿ ಮತ್ತೆ ಬಳಸುವ ಪದ್ಧತಿ ಬಿಬಿಸಿಯಲ್ಲಿತ್ತು. ಟ್ರೌಟನ್ ಅವರ ಮೊದಲ ಕಥೆಯ ಆರು ಕಂತುಗಳ ದೃಶ್ಯಗಳು ಹಾಗೆ ನಾಶವಾದವು. ಉಂಗುರ ಜಾರುವುದನ್ನು, ಡಾಲೆಕ್ ಗುರುತು ಹಿಡಿಯುವುದನ್ನು ಅಂದಿನವರು ನೋಡಿದಂತೆ ನಾವು ನೋಡಲಾರೆವು. ಆದರೆ ಆರೂ ಕಂತುಗಳ ಧ್ವನಿ ಪೂರ್ಣವಾಗಿ ಉಳಿದಿದೆ. ಹೊಸ ಡಾಕ್ಟರ್ ಅವರನ್ನು ಒಪ್ಪಬೇಕೋ ಬೇಡವೋ ಎಂಬ ಚರ್ಚೆ ನಡೆಯುತ್ತಿದ್ದ ಆ ದಿನಗಳಲ್ಲೇ, ಕೆಲವು ಮನೆಗಳಲ್ಲಿ ಅಭಿಮಾನಿಗಳು ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಪ್ರತಿ ಶನಿವಾರ ಸಂಜೆ ಕಂತುಗಳನ್ನು ಧ್ವನಿಮುದ್ರಿಸಿಕೊಂಡಿದ್ದರು. ಮೊದಲ ಪ್ರಸಾರಕ್ಕೆ ಸರಿಯಾಗಿ 50 ವರ್ಷ ತುಂಬಿದ 2016ರ ನವೆಂಬರ್ 5ರಂದು ಆ ಕಥೆ ಆನಿಮೇಷನ್ ರೂಪದಲ್ಲಿ ಮತ್ತೆ ಹೊರಬಂದಾಗ, ಅದರಲ್ಲಿ ಟ್ರೌಟನ್ ಅವರು ಆಡುವ ಮಾತುಗಳು ನಮಗೆ ಕೇಳಿಸಿದ್ದು ಆ ಮನೆಗಳ ಟೇಪುಗಳಿಂದ.